ಸೋರಿಯಾಸಿಸ್ ಇರುವವರ ರಕ್ತದೊತ್ತಡವನ್ನೂ ನೋಡಿ

ಮಾನ್ಯ ಸಂಪಾದಕರೇ,

ನನ್ನ ತಮ್ಮನಿಗೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಕಾಣಿಸಿಕೊಂಡಾಗ ಅವನಿಗೆ 24 ವರ್ಷ. ಎದೆನೋವೆಂದು ರಾತ್ರೋರಾತ್ರಿ ಅವನನ್ನು ಕೋಲಾರದಿಂದ ಬೆಂಗಳೂರಿಗೆ ಕರೆದುಕೊಂಡು ಓಡಿದಾಗ 46. ಈ 22 ವರ್ಷಗಳಲ್ಲಿ ಅವನ ಮೊಣಕೈ, ಮೊಣಕಾಲು, ಬೆನ್ನು, ನೆತ್ತಿಗಳನ್ನು ಎಷ್ಟೋ ಮಂದಿ ವೈದ್ಯರು ನೋಡಿದ್ದಾರೆ, ಮುಲಾಮು ಬದಲಿಸಿದ್ದಾರೆ, ಮಾತ್ರೆ ಬರೆದಿದ್ದಾರೆ. ಆದರೆ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದ, ಬರಿಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಹೇಳಿದ ಒಂದು ಚೀಟಿಯೂ ಅವನ ಹಳೆಯ ಕಡತದಲ್ಲಿ ಇಲ್ಲ. ಆ ರಾತ್ರಿ ತುರ್ತು ಘಟಕದಲ್ಲಿ ಅವನ ಅಂಗಿ ಬಿಚ್ಚಿಸಿದ ವೈದ್ಯೆ, ಬೆನ್ನಿನ ಮೇಲಿದ್ದ ಬಿಳಿ ಚಕ್ಕೆಗಳನ್ನು ನೋಡಿ, ಇದು ಎಷ್ಟು ವರ್ಷದಿಂದ ಇದೆ ಎಂದು ಮೊದಲು ಕೇಳಿದರು. ಎದೆಯ ನೋವಿಗೂ ಬೆನ್ನಿನ ಚಕ್ಕೆಗೂ ಏನು ಸಂಬಂಧವೆಂದು ನನಗೆ ಆಗ ತಿಳಿಯಲಿಲ್ಲ. ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರ ಕಲಿಸಿದ ನಾನು ಆ ಸಂಬಂಧವನ್ನು ಆಮೇಲೆ ಕುಳಿತು ಓದಿ ಅರ್ಥಮಾಡಿಕೊಂಡೆ. ನಮ್ಮ ಜಿಲ್ಲೆಯಲ್ಲಿ ಇದೇ ಕಾಯಿಲೆಯನ್ನು ತುಂಬುತೋಳಿನ ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿರುವವರಿಗೆ ಆ ವಿಷಯ ಎದೆನೋವು ಬರುವ ಮೊದಲೇ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಸೋರಿಯಾಸಿಸ್ಸಿಗೆ ನಮ್ಮ ಹಳ್ಳಿಗಳಲ್ಲಿ ಸ್ವಂತ ಹೆಸರಿಲ್ಲ. ಕೆಲವರು ಇಸುಬು ಎನ್ನುತ್ತಾರೆ, ಕೆಲವರು ಹುಳುಕಡ್ಡಿ ಎನ್ನುತ್ತಾರೆ, ಪಿಸುಮಾತಿನಲ್ಲಿ ಕುಷ್ಠ ಎನ್ನುವವರೂ ಇದ್ದಾರೆ. ಕೆಂಪಗೆ ದಪ್ಪಗಾದ ಚರ್ಮದ ಮೇಲೆ ಕಾಗೆಬಂಗಾರದ ಪದರದಂತೆ ಹೊಳೆಯುವ ಚಕ್ಕೆ ಏಳುತ್ತದೆ, ಕೆರೆದರೆ ಉದುರುತ್ತದೆ, ಬೆಳಿಗ್ಗೆ ಎದ್ದರೆ ಹಾಸಿಗೆಯ ತುಂಬ ಪುಡಿ. ಹಾವು ಪೊರೆ ಬಿಟ್ಟಂತೆ ಕಾಣುವುದರಿಂದ ಇದನ್ನು ನಾಗದೋಷವೆಂದು ನಂಬುವವರು ಬಹಳ. ನಮ್ಮ ತಾಯಿಯೂ ತಮ್ಮನನ್ನು ಕರೆದುಕೊಂಡು ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬಂದರು. ಆ ಭಕ್ತಿಯನ್ನು ನಾನು ಹಗುರಾಗಿ ಕಾಣುವುದಿಲ್ಲ, ಮಗನ ಸಂಕಟ ನೋಡಲಾರದ ತಾಯಿಗೆ ಅದರಿಂದ ನೆಮ್ಮದಿ ಸಿಕ್ಕಿತು. ನನಗೆ ನೋವಾಗುವುದು, ದೋಷವೆಂಬ ಮಾತಿನಿಂದ ಕಾಯಿಲೆಯ ಹೊಣೆ ರೋಗಿಯ ಮೇಲೋ ಅವನ ಮನೆತನದ ಮೇಲೋ ಬೀಳುವುದರಿಂದ, ಮತ್ತು ಅಂಟುರೋಗವೆಂಬ ತಪ್ಪು ಕಲ್ಪನೆಯಿಂದ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಎದ್ದುಹೋಗುವುದರಿಂದ. ಸೋರಿಯಾಸಿಸ್ ಅಂಟುವುದಿಲ್ಲ. ಮುಟ್ಟಿದರೂ, ಒಂದೇ ಬಚ್ಚಲು ಬಳಸಿದರೂ, ಒಂದೇ ತಟ್ಟೆಯಲ್ಲಿ ಉಂಡರೂ, ಗಂಡ ಹೆಂಡತಿ ಬಾಳಿದರೂ ಅಂಟುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ವಿಯೆನ್ನಾದ ವೈದ್ಯ ಫರ್ಡಿನಾಂಡ್ ವಾನ್ ಹೆಬ್ರಾ 1841ರಲ್ಲೇ ಬೇರ್ಪಡಿಸಿ ತೋರಿಸಿದರು. ನಮ್ಮ ಊರಿನ ಕ್ಷೌರದ ಅಂಗಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಾದರೆ ಇದು ಏನು? ನಮ್ಮ ಹೊರಚರ್ಮದ ಕೋಶಗಳು ಬುಡದಲ್ಲಿ ಹುಟ್ಟಿ, ಮೇಲಕ್ಕೆ ಸರಿದು, ಒಣಗಿ ಉದುರಲು ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಪಯಣ ನಾಲ್ಕೈದು ದಿನಗಳಲ್ಲಿ ಮುಗಿದುಬಿಡುತ್ತದೆ, ಬಲಿಯದ ಕೋಶಗಳೇ ಒಂದರ ಮೇಲೊಂದು ಪೇರಿ ಚಕ್ಕೆಯಾಗುತ್ತವೆ. ಚರ್ಮಕ್ಕೆ ಈ ಅವಸರವನ್ನು ಹಚ್ಚುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ ಎಂಬುದಕ್ಕೆ ಸ್ಪಷ್ಟ ಸುಳಿವು ಸಿಕ್ಕಿದ್ದು 1979ರಲ್ಲಿ. ಬೇರೆ ಕಾರಣಕ್ಕಾಗಿ ಸೈಕ್ಲೋಸ್ಪೋರಿನ್ ಎಂಬ ಔಷಧ ಪಡೆದ ರೋಗಿಗಳಲ್ಲಿ ಸೋರಿಯಾಸಿಸ್ ತಾನಾಗಿ ತಗ್ಗಿತು. ಆ ಔಷಧ ಟಿ ಜೀವಕೋಶಗಳೆಂಬ ಬಿಳಿರಕ್ತಕಣಗಳನ್ನು ಅಡಗಿಸುವಂಥದ್ದು. ಆಮೇಲಿನ ವರ್ಷಗಳಲ್ಲಿ ವಿಜ್ಞಾನಿಗಳು ಆ ಜಾಡನ್ನು ಹಿಡಿದು ಹೋಗಿ ತಿಳಿದುಕೊಂಡದ್ದನ್ನು ಸರಳವಾಗಿ ಹೀಗೆ ಹೇಳಬಹುದು. ಚರ್ಮದಲ್ಲಿ ಕಾವಲಿಗಿರುವ ಕೆಲವು ಕೋಶಗಳು ಗಾಯ, ಸೋಂಕು ಅಥವಾ ಒತ್ತಡದ ನೆಪದಿಂದ ಎಚ್ಚೆತ್ತು ಇಂಟರ್‌ಲ್ಯೂಕಿನ್-23 ಎಂಬ ಸಂದೇಶವಸ್ತುವನ್ನು ಹೊರಬಿಡುತ್ತವೆ. ಅದನ್ನು ಕೇಳಿಸಿಕೊಂಡ ಟಿ ಜೀವಕೋಶಗಳು ಇಂಟರ್‌ಲ್ಯೂಕಿನ್-17 ಅನ್ನು ಸ್ರವಿಸುತ್ತವೆ. ಅದರಿಂದ ಕೆರಳಿದ ಚರ್ಮದ ಕೋಶಗಳು ತಾವು ಬೇಗಬೇಗ ಹುಟ್ಟುವುದಷ್ಟೇ ಅಲ್ಲದೆ, ಇನ್ನಷ್ಟು ಬಿಳಿರಕ್ತಕಣಗಳನ್ನು ಕರೆಯುವ ಸಂದೇಶಗಳನ್ನು ತಾವೇ ಕಳಿಸತೊಡಗುತ್ತವೆ. ಕರೆದವರು ಬರುತ್ತಾರೆ, ಬಂದವರು ಮತ್ತೆ ಕೆರಳಿಸುತ್ತಾರೆ. ಚಕ್ರದಂತೆ ಇದು ತಾನೇ ತಾನಾಗಿ ತಿರುಗುತ್ತಿರುತ್ತದೆ. ಟಿಎನ್‌ಎಫ್ ಎಂಬ ಇನ್ನೊಂದು ಉರಿಯೂತದ ವಸ್ತು ಈ ಚಕ್ರಕ್ಕೆ ಎಣ್ಣೆ ಹಾಕುತ್ತಿರುತ್ತದೆ.

ಚಕ್ಕೆ ಮಾಯವಾದ ಮೇಲೂ ಕೆಲವು ಟಿ ಜೀವಕೋಶಗಳು ನೆನಪಿನ ಕೋಶಗಳಾಗಿ ಅದೇ ಜಾಗದ ಚರ್ಮದಲ್ಲಿ ಬೀಡುಬಿಟ್ಟಿರುತ್ತವೆ. ನನ್ನ ತಮ್ಮನ ಎಡಮೊಣಕೈಯಲ್ಲಿ ಪ್ರತಿ ಚಳಿಗಾಲವೂ ಅದೇ ಜಾಗದಲ್ಲಿ ಅದೇ ಆಕಾರದ ಚಕ್ಕೆ ಏಕೆ ಏಳುತ್ತದೆಂಬ ನನ್ನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ತರಚುಗಾಯವಾದ ಕಡೆ ಹೊಸ ಚಕ್ಕೆ ಏಳುವುದು, ಮಕ್ಕಳಲ್ಲಿ ಗಂಟಲು ಸೋಂಕಾದ ಎರಡು ಮೂರು ವಾರಕ್ಕೆ ಮೈತುಂಬ ಹನಿಹನಿಯಾಗಿ ಕಾಣಿಸಿಕೊಳ್ಳುವುದು, ಒಂದೇ ವಂಶದಲ್ಲಿ ಇಬ್ಬರು ಮೂವರಿಗೆ ಬರುವುದು, ಇವೆಲ್ಲ ಈ ಕಾಯಿಲೆಯ ನಿಜವಾದ ಲಕ್ಷಣಗಳು. ವಂಶವಾಹಿ ದಾರಿ ಮಾಡಿಕೊಡುತ್ತದೆ, ಆದರೆ ಆ ದಾರಿಯಲ್ಲಿ ನಡೆಸುವುದು ಬೇರೆ ಬೇರೆ ಕಾರಣಗಳು.

ಆ ಕಾರಣಗಳಲ್ಲಿ ಒಂದು ನಮ್ಮ ಸೊಂಟದಲ್ಲೇ ಇದೆ. ಹೊಟ್ಟೆಯ ಕೊಬ್ಬನ್ನು ನಾವು ದಾಸ್ತಾನು ಮಾಡಿಟ್ಟ ಕಾಳಿನ ಮೂಟೆಯಂತೆ, ಸುಮ್ಮನೆ ಬಿದ್ದಿರುವ ವಸ್ತುವೆಂದು ತಿಳಿದಿದ್ದೇವೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿಕೊಡುತ್ತಿದ್ದೆ. ನಿಜವಾಗಿ ಕೊಬ್ಬಿನ ಅಂಗಾಂಶ ಒಂದು ಗ್ರಂಥಿಯಂತೆ ದುಡಿಯುತ್ತದೆ. ಅದು ಹೆಚ್ಚಾದಂತೆ ಅದರೊಳಗೆ ಬಿಳಿರಕ್ತಕಣಗಳು ಸೇರಿಕೊಳ್ಳುತ್ತವೆ, ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6 ರಕ್ತಕ್ಕೆ ಇಳಿಯುತ್ತವೆ, ಉರಿಯೂತವನ್ನು ತಣಿಸುವ ಅಡಿಪೊನೆಕ್ಟಿನ್ ಕಡಿಮೆಯಾಗುತ್ತದೆ. ಬೊಜ್ಜಿನ ಪ್ರಾಣಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಹೆಚ್ಚಿರುವುದನ್ನೂ, ಅದು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುವುದನ್ನೂ 1993ರಲ್ಲಿ ತೋರಿಸಲಾಯಿತು. ಚರ್ಮದಲ್ಲಿ ಚಕ್ಕೆ ಎಬ್ಬಿಸುವ ಅದೇ ವಸ್ತು, ಸ್ನಾಯುವಿನಲ್ಲೂ ಯಕೃತ್ತಿನಲ್ಲೂ ಸಕ್ಕರೆಯ ಲೆಕ್ಕ ತಪ್ಪಿಸುತ್ತದೆ, ರಕ್ತನಾಳದ ಒಳಪದರದಲ್ಲಿ ಜಿಡ್ಡು ಕೂರುವುದಕ್ಕೂ ನೆಲ ಹದಮಾಡುತ್ತದೆ. ಒಂದೇ ಬೆಂಕಿಯ ಹೊಗೆ ಮೂರು ಕಿಟಕಿಗಳಿಂದ ಬಂದಂತೆ. ನಮಗೆ ಕಾಣುವುದು ಚರ್ಮದ ಕಿಟಕಿ ಮಾತ್ರ.

ಇದು ಬರಿಯ ಪ್ರಯೋಗಶಾಲೆಯ ಮಾತಲ್ಲ. ಬ್ರಿಟನ್ನಿನ ಕುಟುಂಬವೈದ್ಯರ ದಾಖಲೆಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದವುಗಳ ಪ್ರಭಾವವನ್ನು ಕಳೆದ ಮೇಲೂ ಸೋರಿಯಾಸಿಸ್ ಇರುವವರಲ್ಲಿ ಹೃದಯಾಘಾತದ ಅಪಾಯ ಹೆಚ್ಚೆಂದು ಕಂಡುಕೊಂಡಿತು. ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಲ್ಲಿ ಆ ಅಪಾಯ ಅದೇ ವಯಸ್ಸಿನ ಇತರರಿಗಿಂತ ಸುಮಾರು ಮೂರು ಪಟ್ಟು, 60 ವರ್ಷದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು. ಈ ಅಂಕಿಗಳನ್ನು ಓದಿ ಯಾರೂ ಹೆದರಿ ನಿದ್ದೆಗೆಡಬಾರದು. 30ರ ವಯಸ್ಸಿನಲ್ಲಿ ಹೃದಯಾಘಾತವೇ ಅಪರೂಪ, ಅಪರೂಪದ್ದು ಮೂರು ಪಟ್ಟಾದರೂ ಅಪರೂಪವೇ. ಸೌಮ್ಯವಾದ ಸೋರಿಯಾಸಿಸ್‌ನಲ್ಲಿ ಈ ಹೆಚ್ಚಳ ತೀರ ಚಿಕ್ಕದು. ಆದರೆ ಮೈಯ ಬಹುಭಾಗ ಚಕ್ಕೆ ತುಂಬಿದ ಯುವಕನೊಬ್ಬ ವೈದ್ಯರ ಮುಂದೆ ಬಂದು ಕೂತಾಗ ಅವನ ರಕ್ತದೊತ್ತಡ ಅಳೆಯದೆ ಕಳಿಸುವುದಕ್ಕೆ ಇನ್ನು ನೆಪವಿಲ್ಲ ಎಂಬುದನ್ನಂತೂ ಆ ಅಧ್ಯಯನ ಹೇಳಿದೆ, ಹೇಳಿ ಎಷ್ಟೋ ವರ್ಷಗಳೂ ಆಗಿವೆ.

ಕೊಬ್ಬು ಮೊದಲೋ ಚಕ್ಕೆ ಮೊದಲೋ ಎಂಬ ಪ್ರಶ್ನೆಗೆ ಅಮೆರಿಕದ 78 ಸಾವಿರಕ್ಕೂ ಹೆಚ್ಚು ಮಹಿಳಾ ನರ್ಸ್‌ಗಳನ್ನು 14 ವರ್ಷ ಗಮನಿಸಿದ ಅಧ್ಯಯನ ಉತ್ತರದ ಒಂದು ತುದಿ ಕೊಡುತ್ತದೆ. 2007ರಲ್ಲಿ ಪ್ರಕಟವಾದ ಅದರ ಪ್ರಕಾರ, ಬೊಜ್ಜು ಬಹಳ ಹೆಚ್ಚಿದ್ದವರಲ್ಲಿ ಹೊಸದಾಗಿ ಸೋರಿಯಾಸಿಸ್ ಬರುವ ಸಂಭವ ಹದವಾದ ತೂಕದವರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಇನ್ನೊಂದು ತುದಿ ನಮ್ಮ ಮನೆಯಲ್ಲೇ ಕಂಡಿದ್ದೇನೆ. ಚಕ್ಕೆ ಬಂದ ಮೇಲೆ ನನ್ನ ತಮ್ಮ ಜನರ ಕಣ್ಣು ತಪ್ಪಿಸತೊಡಗಿದ. ಶಾಲಾದಿನಗಳಲ್ಲಿ ಕಬಡ್ಡಿ ಆಡುತ್ತಿದ್ದವನು ಚಡ್ಡಿ ಹಾಕುವುದನ್ನೇ ಬಿಟ್ಟ, ಸಂಜೆ ಕೆರೆಯ ಏರಿಯ ಮೇಲೆ ನಡೆದಾಡುವುದನ್ನು ಬಿಟ್ಟ, ಟೊಮೆಟೊ ಮಂಡಿಯ ಗಲ್ಲಾದ ಹಿಂದೆ ಇಡೀ ದಿನ ಕೂತ, ಬೀಡಿ ಹಚ್ಚಿದ, ರಾತ್ರಿ ನಿದ್ದೆ ಬಾರದೆ ಕುಡಿಯುವುದನ್ನು ಕಲಿತ. ಆ ರಾತ್ರಿಯ ಅವನ ಹೃದಯಾಘಾತಕ್ಕೆ ಸೋರಿಯಾಸಿಸ್ಸೇ ಕಾರಣವೆಂದು ನಾನು ಹೇಳುವುದಿಲ್ಲ, ಬೀಡಿಯೂ ಇತ್ತು, ಮದ್ಯವೂ ಇತ್ತು, ನಮ್ಮ ತಂದೆಗೂ ಹೃದ್ರೋಗವಿತ್ತು. ಬೀಡಿ ಮತ್ತು ಮದ್ಯಗಳು ಚಕ್ಕೆಯನ್ನೂ ಹೆಚ್ಚಿಸುತ್ತವೆ, ರಕ್ತನಾಳವನ್ನೂ ಕೆಡಿಸುತ್ತವೆ. ಚಕ್ಕೆಯ ನಾಚಿಕೆ ಬೀಡಿಗೆ ನೂಕುತ್ತದೆ, ಬೀಡಿ ಮತ್ತೆ ಚಕ್ಕೆಗೆ. ಆ ಸುಳಿಯಲ್ಲಿ ಸಿಕ್ಕವನಿಗೆ ನಿನ್ನದೇ ತಪ್ಪು ಎನ್ನುವ ಮಾತು ಔಷಧವಲ್ಲ. ಆ ಮಾತನ್ನು ನಾನೂ ಅವನಿಗೆ ಹೇಳಿದ್ದೇನೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಪಥ್ಯದ ವಿಷಯದಲ್ಲಿ ನಮ್ಮ ಭಾಗದಲ್ಲಿ ನಡೆಯುವುದನ್ನು ಇಲ್ಲಿ ಹೇಳಲೇಬೇಕು. ಬದನೆಕಾಯಿ ನಂಜು, ಕಡಲೆಬೀಜ ನಂಜು, ಕುಂಬಳ ನಂಜು, ಒಣಮೀನು ನಂಜು ಎಂದು ಒಂದೊಂದೇ ಬಿಡಿಸಿ, ಕೊನೆಗೆ ತಮ್ಮನ ತಟ್ಟೆಯಲ್ಲಿ ಉಳಿದಿದ್ದು ಬಿಳಿಯನ್ನ, ಮಜ್ಜಿಗೆ ಮತ್ತು ಬೇಕರಿಯ ಬನ್ನು. ಬದನೆಕಾಯಿ ಬಿಟ್ಟರೆ ಸೋರಿಯಾಸಿಸ್ ತಗ್ಗುತ್ತದೆಂಬುದಕ್ಕೆ ಆಧಾರವಿಲ್ಲ. ತೂಕ ಹೆಚ್ಚಿರುವವರು ತೂಕ ಇಳಿಸಿದರೆ ಅನುಕೂಲ ಎಂಬುದಕ್ಕೆ ಆಧಾರವಿದೆ. ಡೆನ್ಮಾರ್ಕಿನಲ್ಲಿ ತೂಕ ಹೆಚ್ಚಿದ್ದ 60 ಮಂದಿ ಸೋರಿಯಾಸಿಸ್ ರೋಗಿಗಳ ಮೇಲೆ 16 ವಾರ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರದ ಮಿತಿ ಪಾಲಿಸಿದವರ ತೂಕ ಇತರರಿಗಿಂತ ಸುಮಾರು 15 ಕಿಲೋ ಹೆಚ್ಚು ಇಳಿಯಿತು. ಚಕ್ಕೆಯ ತೀವ್ರತೆ ಇಳಿಯುವ ಕಡೆಗೆ ವಾಲಿತು, ದಿನನಿತ್ಯದ ಬದುಕಿನ ತೊಂದರೆಗಳು ಗಮನಾರ್ಹವಾಗಿ ಕಡಿಮೆಯಾದವು. ತೂಕ ಇಳಿದರೆ ಕಾಯಿಲೆ ಹೋಗುತ್ತದೆಂದು ಇದರ ಅರ್ಥವಲ್ಲ, ತೆಳ್ಳಗಿರುವವರಿಗೂ ಸೋರಿಯಾಸಿಸ್ ಬರುತ್ತದೆ. ಆದರೆ ಅದೇ ಔಷಧ ಹದವಾದ ಮೈಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಹಿರಿಯರ ಊಟದಂತೆ ಮಿತವಾದ ರಾಗಿಮುದ್ದೆ, ಬಸ್ಸಾರು, ಅವರೆ, ಹುರುಳಿ, ಸೊಪ್ಪುಗಳನ್ನು ಉಣ್ಣಬೇಡಿರೆಂದು ಯಾವ ಚರ್ಮವೈದ್ಯರೂ ಹೇಳಲಾರರು.

ಔಷಧಗಳ ಬಗ್ಗೆ ನನ್ನ ಆತಂಕ ಇನ್ನೂ ಹೆಚ್ಚು. ತಮ್ಮನಿಗೆ ನಡುವೆ ನಾಲ್ಕು ವರ್ಷ ಹೆಸರಿಲ್ಲದ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದವರೊಬ್ಬರಿದ್ದರು. ಪುಡಿ ತಿಂದಷ್ಟು ದಿನ ಚರ್ಮ ಕನ್ನಡಿಯಂತಿರುತ್ತಿತ್ತು, ಮುಖ ಊದಿಕೊಂಡಿತ್ತು, ಹೊಟ್ಟೆ ಬೆಳೆದಿತ್ತು. ಬಿಟ್ಟ ಎರಡೇ ವಾರದಲ್ಲಿ ಮೈಯೆಲ್ಲ ಬೆಂದಂತೆ ಕೆಂಪಾಗಿ, ಜ್ವರ ಬಂದು, ಆಸ್ಪತ್ರೆ ಸೇರಬೇಕಾಯಿತು. ಅದು ಸ್ಟೀರಾಯ್ಡ್ ಇದ್ದಿರಬೇಕೆಂದು ಅಲ್ಲಿನ ವೈದ್ಯರು ಹೇಳಿದರು. ಸೋರಿಯಾಸಿಸ್‌ನಲ್ಲಿ ಸ್ಟೀರಾಯ್ಡ್ ಮಾತ್ರೆ, ಚುಚ್ಚುಮದ್ದುಗಳನ್ನು ಕೊಟ್ಟು ಹಠಾತ್ತನೆ ನಿಲ್ಲಿಸಿದರೆ ಕಾಯಿಲೆ ಹೀಗೆ ಉಲ್ಬಣಿಸುವುದು ವೈದ್ಯಕೀಯದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಜೊತೆಗೆ ಅದು ಸಕ್ಕರೆಯನ್ನೂ, ರಕ್ತದೊತ್ತಡವನ್ನೂ, ತೂಕವನ್ನೂ ಏರಿಸುತ್ತದೆ. ಈಗಾಗಲೇ ಇಳಿಜಾರಿನಲ್ಲಿರುವ ಬಂಡಿಯನ್ನು ಹಿಂದಿನಿಂದ ನೂಕಿದಂತೆ. ಮುಲಾಮಿನ ರೂಪದ ಸ್ಟೀರಾಯ್ಡ್ ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯ ಔಷಧವೇ. ಆದರೆ ಅಂಗಡಿಯಲ್ಲಿ ಕೇಳಿ ತಂದು ವರ್ಷಗಟ್ಟಲೆ ಹಚ್ಚುವ ಚಟಕ್ಕೆ ತಡೆಹಾಕಲೆಂದೇ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇದ್ದರೆ ಮಾತ್ರ ಮಾರುವ ಪಟ್ಟಿಗೆ ಸೇರಿಸಿತು. ಆ ನಿಯಮ ನಮ್ಮ ಸಂತೆಬೀದಿಗಳಲ್ಲಿ ಪಾಲನೆಯಾಗುವುದನ್ನು ನಾನಿನ್ನೂ ಕಂಡಿಲ್ಲ.

ಮೆಥೊಟ್ರೆಕ್ಸೇಟ್ ಎಂಬ ಹಳೆಯ, ಕಡಿಮೆ ಬೆಲೆಯ ಮಾತ್ರೆ ಎಷ್ಟೋ ಜನರನ್ನು ಕಾಪಾಡಿದೆ. ಅದನ್ನು ನುಂಗಬೇಕಾದದ್ದು ವಾರಕ್ಕೆ ಒಂದು ದಿನ ಮಾತ್ರ. ಓದು ಬಾರದವರಿಗೆ ಅದನ್ನು ವಾರದ ಹೆಸರಿನೊಂದಿಗೆ, ಸೋಮವಾರದ ಮಾತ್ರೆ ಎಂಬಂತೆ, ಬಾಯಿಬಿಟ್ಟು ಹೇಳಿ ಕಳಿಸದಿದ್ದರೆ ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಳ್ಳುವ ಅಪಾಯವಿದೆ. ಗರ್ಭಿಣಿಯರಿಗೆ ಅದು ಸಲ್ಲದು. ಯಕೃತ್ತಿಗೆ ಅದು ಭಾರ, ಸೋರಿಯಾಸಿಸ್ ರೋಗಿಗಳಲ್ಲಿ ಕೊಬ್ಬು ತುಂಬಿದ ಯಕೃತ್ತು ಸಾಮಾನ್ಯವಾದ್ದರಿಂದ ರಕ್ತಪರೀಕ್ಷೆ ತಪ್ಪಿಸಬಾರದು, ಮದ್ಯ ಮುಟ್ಟಬಾರದು. ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23, ಟಿಎನ್‌ಎಫ್‌ಗಳನ್ನು ನೇರವಾಗಿ ತಡೆಯುವ ಹೊಸ ಚುಚ್ಚುಮದ್ದುಗಳೂ ಬಂದಿವೆ. ಟಿ ಜೀವಕೋಶದ ಮೇಲಿನ ಸಿಡಿ6 ಎಂಬ ಅಣುವನ್ನು ಗುರಿಯಾಗಿಸಿದ ಇಟೊಲಿಜುಮ್ಯಾಬ್ ಅನ್ನು ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2013ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿತು. ಇವುಗಳ ಬೆಲೆ ಎರಡೆಕರೆ ಟೊಮೆಟೊ ಬೆಳೆಯುವವನಿಗೆ ಎಟುಕುವಂಥದ್ದಲ್ಲ, ಕ್ಷಯ ಅಡಗಿಲ್ಲವೆಂದು ಪರೀಕ್ಷಿಸದೆ ಕೊಡುವಂಥವೂ ಅಲ್ಲ.

ಈಗ ನನ್ನ ಕೋರಿಕೆ. 2024ರಲ್ಲಿ ನಮ್ಮ ಕೋಲಾರ ಜಿಲ್ಲೆಯಿಂದಲೇ ರಾಜ್ಯ ಸರ್ಕಾರ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು 30 ವರ್ಷ ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆ ನೋಡುತ್ತಾರೆ. ಅದೇ ಭೇಟಿಯಲ್ಲಿ, ಮೈಮೇಲೆ ಬಹುದಿನದಿಂದ ಬಿಳಿ ಚಕ್ಕೆ ಏಳುತ್ತಿದೆಯೇ, ಬೆಳಿಗ್ಗೆ ಎದ್ದಾಗ ಬೆರಳ ಗಿಣ್ಣುಗಳು ಅರ್ಧ ಗಂಟೆ ಬಿಗಿದುಕೊಂಡಿರುತ್ತವೆಯೇ ಎಂಬ ಎರಡು ಪ್ರಶ್ನೆ ಕೇಳಿದರೆ ಹೆಚ್ಚು ಹೊತ್ತು ಹಿಡಿಯದು. ಎರಡನೆಯ ಪ್ರಶ್ನೆ ಏಕೆಂದರೆ ಸೋರಿಯಾಸಿಸ್ ಇರುವವರಲ್ಲಿ ಹಲವರಿಗೆ ಅದೇ ಉರಿಯೂತ ಕೀಲಿಗೂ ಇಳಿಯುತ್ತದೆ, ತಡವಾದರೆ ಕೀಲು ಸೊಟ್ಟಗಾಗಿ ಉಳಿದುಬಿಡುತ್ತದೆ. ಹಾಗೆಯೇ 30 ತುಂಬದವರಿಗೂ, ಸೋರಿಯಾಸಿಸ್ ಇದ್ದರೆ, ಈ ತಪಾಸಣೆ ಸಿಗುವಂತಾಗಬೇಕು, ಏಕೆಂದರೆ ಈ ಕಾಯಿಲೆ ಬಹಳಷ್ಟು ಮಂದಿಗೆ ಶುರುವಾಗುವುದೇ ಆ ವಯಸ್ಸಿಗೆ ಮುಂಚೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳಿಗೆಂದು ಬೇರೆಯೇ ಕೊಠಡಿ ಇರುತ್ತದೆ. ಚರ್ಮದ ತೊಂದರೆಗೆಂದು ಬಂದ ಸೋರಿಯಾಸಿಸ್ ರೋಗಿಯನ್ನು ಒಂದು ಚೀಟಿ ಬರೆದು ಆ ಕೊಠಡಿಗೂ ಕಳಿಸುವುದಕ್ಕೆ ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಬೇಡ. ಅಲ್ಲಿ ನೋಡಬೇಕಾದ್ದು ಐದು ಅಂಕಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದೆಯೇ, ರಕ್ತದೊತ್ತಡ 130/85 ಮುಟ್ಟಿದೆಯೇ, ಬರಿಹೊಟ್ಟೆಯ ಸಕ್ಕರೆ 100, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 150 ಮಿಲಿಗ್ರಾಂ ಮುಟ್ಟಿವೆಯೇ, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಇಳಿದಿದೆಯೇ. ಇವುಗಳಲ್ಲಿ ಮೂರು ಕೂಡಿದರೆ ಅದನ್ನು ಚಯಾಪಚಯದ, ಅಂದರೆ ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಯ, ತೊಡಕಿನ ಗುಂಪು ಎಂದು ವೈದ್ಯರು ಗುರುತಿಸುತ್ತಾರೆ, ಆಗ ಚಿಕಿತ್ಸೆ ಚರ್ಮಕ್ಕಷ್ಟೇ ಸಾಲದು.

ನಿಮ್ಮ ಪತ್ರಿಕೆಗೂ ಒಂದು ಮಾತು, ಇದನ್ನು ಗೌರವದಿಂದಲೇ ಹೇಳುತ್ತಿದ್ದೇನೆ. ಸೋರಿಯಾಸಿಸ್ ದೀರ್ಘಕಾಲದ, ಅಂಟದ, ನೋವಿನ ಕಾಯಿಲೆ, ಅದಕ್ಕೆ ಪೂರ್ತಿ ವಾಸಿಮಾಡುವ ಮದ್ದಿಲ್ಲ ಎಂದು 2014ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿದೆ. ಹತೋಟಿಯಲ್ಲಿಟ್ಟು ಚೆನ್ನಾಗಿ ಬದುಕಬಹುದು, ಬುಡಸಮೇತ ಕಿತ್ತುಹಾಕಲು ಆಗದು. ಹಾಗಿರುವಾಗ, 40 ದಿನದಲ್ಲಿ ಬೇರುಸಹಿತ ಗುಣ ಎನ್ನುವ ಜಾಹೀರಾತು ಯಾವ ಪತ್ರಿಕೆಯ ಮೂಲೆಯಲ್ಲಿ ಬಂದರೂ ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುವವರು ನಮ್ಮ ತಾಲ್ಲೂಕಿನಲ್ಲಿ ಇದ್ದಾರೆ. ನನ್ನ ತಮ್ಮ ಆ ಪುಡಿಯ ವಿಳಾಸ ಹುಡುಕಿಕೊಂಡು ಹೋಗಿದ್ದು ಅಂಥ ಒಂದು ಕತ್ತರಿಕೆಯನ್ನು ಹಿಡಿದುಕೊಂಡೇ. ಅಂಥ ಜಾಹೀರಾತುಗಳನ್ನು ನಿರಾಕರಿಸಿ, ಅಕ್ಟೋಬರ್ 29ರ ವಿಶ್ವ ಸೋರಿಯಾಸಿಸ್ ದಿನದಂದಾದರೂ ನಮ್ಮ ಜಿಲ್ಲೆಯ ಚರ್ಮವೈದ್ಯರೊಬ್ಬರಿಂದ ಅರ್ಧ ಪುಟ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.

ತಮ್ಮ ಈಗ ಚೇತರಿಸಿಕೊಂಡಿದ್ದಾನೆ. ಬೀಡಿ ಬಿಟ್ಟಿದ್ದಾನೆ, ಒಂಬತ್ತು ಕಿಲೋ ಇಳಿದಿದ್ದಾನೆ, ಬೆಳಿಗ್ಗೆ ಮಂಡಿಗೆ ಹೋಗುವ ಮುನ್ನ ಮತ್ತೆ ಕೆರೆಯ ಏರಿಯ ಮೇಲೆ ನಡೆಯುತ್ತಾನೆ. ಮೊಣಕೈಯ ಚಕ್ಕೆ ತೆಳುವಾಗಿದೆ, ಹೋಗಿಲ್ಲ. ಅವನ ಮಗನಿಗೆ ಈಗ 19, ಕಳೆದ ತಿಂಗಳು ಅವನ ಕಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಒಂದು ಚಕ್ಕೆ ಕಾಣಿಸಿಕೊಂಡಿತು. ಚರ್ಮವೈದ್ಯರ ಬಳಿಗೆ ಕರೆದುಕೊಂಡು ಹೋದಾಗ, ಅವರು ಮುಲಾಮು ಬರೆದ ಮೇಲೆ, ದಯವಿಟ್ಟು ಇವನ ರಕ್ತದೊತ್ತಡವನ್ನೂ ನೋಡಿ ಎಂದು ನಾನೇ ಕೇಳಿದೆ. ನೋಡಿದರು, ಚೀಟಿಯಲ್ಲಿ ಬರೆದೂ ಕೊಟ್ಟರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಶ್ರೀನಿವಾಸಪುರ, ಕೋಲಾರ ಜಿಲ್ಲೆ